ಅಮ್ಮ ತಮ್ಮನ ಕಷಾಯದಲ್ಲಿ ಮಾತ್ರೆ ಬೆರೆಸುತ್ತಾಳೆ. ಅವನಿಗೆ ಹೇಗೆ ಹೇಳಲಿ?

ಸಾಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ ಈಗ 31 ವರ್ಷ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ಕಾಯಿಲೆ ಶುರುವಾಯಿತು. ಪಕ್ಕದ ರೂಮಿನವರು ರಾತ್ರಿಯಿಡೀ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುತ್ತಿದ್ದ. ಪಕ್ಕದ ರೂಮು ಖಾಲಿ ಇತ್ತು. ಸ್ಕಿಜೋಫ್ರೇನಿಯಾ ಅಂದರು. ಮಾತ್ರೆ ಶುರುವಾಯಿತು, ಸುಧಾರಿಸಿದ, ಊರಿಗೆ ಬಂದು ತೋಟದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ. ಮೂರು ವರ್ಷದ ಹಿಂದೆ "ನನಗೇನೂ ಆಗಿಲ್ಲ, ನನಗ್ಯಾಕೆ ಮಾತ್ರೆ" ಅಂತ ಬಿಟ್ಟುಬಿಟ್ಟ. ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದು ರಾತ್ರಿ ಸುರಿಯುವ ಮಳೆಯಲ್ಲಿ ಅಡಿಕೆ ತೋಟದ ನಡುವೆ ಒಬ್ಬನೇ ನಿಂತಿದ್ದ. ಟಾರ್ಚ್ ಹಿಡಿದು ಹುಡುಕಿ ಕರೆತಂದೆವು.

ಅವತ್ತಿನಿಂದ ಅಮ್ಮ ಒಲಾಂಜಪಿನ್ 10 ಮಿಲಿಗ್ರಾಂ ಮಾತ್ರೆಯನ್ನು ಸಣ್ಣ ಕುಟ್ಟಾಣಿಯಲ್ಲಿ ಪುಡಿ ಮಾಡಿ ರಾತ್ರಿಯ ಕಷಾಯಕ್ಕೆ ಹಾಕುತ್ತಾಳೆ. ಬೆಲ್ಲ ಒಂದು ಚೂರು ಜಾಸ್ತಿ. ಅವನಿಗೆ ಗೊತ್ತಿಲ್ಲ. ಮಾತ್ರೆ ತರುವವಳು ನಾನು. ಡಾಕ್ಟರ ಹತ್ತಿರ ನಾನೇ ಹೋಗಿ, ಅವನು ಹೇಗಿದ್ದಾನೆ ಅಂತ ಹೇಳಿ, ಚೀಟಿ ಬರೆಸಿಕೊಂಡು ಬರುತ್ತೇನೆ. ಅವನು ಡಾಕ್ಟರ ಮುಖ ನೋಡಿ ಎರಡು ವರ್ಷ ದಾಟಿತು. ಮಾತ್ರೆ ಕೆಲಸ ಮಾಡಿದೆ, ಅದು ಸುಳ್ಳಲ್ಲ. ಗೋಡೆಯಾಚೆಯ ಮಾತು ನಿಂತಿದೆ. ಆದರೆ 58 ಕೆಜಿ ಇದ್ದವನು 84 ಆಗಿದ್ದಾನೆ. ಬೆಳಿಗ್ಗೆ ಹತ್ತಾದರೂ ಏಳುವುದಿಲ್ಲ.

ಹೋದ ತಿಂಗಳು ಏನಾಯಿತು ಅಂದರೆ, ಒಂದು ರಾತ್ರಿ ಅವನು ಅರ್ಧ ಕಷಾಯ ಕುಡಿದು ಲೋಟ ಇಟ್ಟ. ಅಮ್ಮನಿಗೆ ಭಯವಾಯಿತು. ಮರುದಿನ ಎರಡು ಮಾತ್ರೆ ಹಾಕಿದಳು. ಅವನು ಬೆಳಿಗ್ಗೆ ಹನ್ನೊಂದಕ್ಕೆ ಎದ್ದು ಬಚ್ಚಲಿಗೆ ಹೊರಟವನು ಹೊಸ್ತಿಲಲ್ಲೇ ಕುಸಿದ. ಹುಬ್ಬು ಒಡೆಯಿತು, ನಾಲ್ಕು ಹೊಲಿಗೆ.

ಹೊಲಿಗೆ ಹಾಕುವ ಮೊದಲು ಡಾಕ್ಟರು ಕೇಳಿದರು, "ಯಾವುದಾದರೂ ಮಾತ್ರೆ ತಗೋತಿದ್ದೀರಾ?" ಅವನು "ಇಲ್ಲ ಸರ್, ಯಾವುದೂ ಇಲ್ಲ" ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ, ಅವನ ರಕ್ತ ಆದ ಟವೆಲ್ ಹಿಡಿದುಕೊಂಡು. ಬಾಯಿ ಬಿಡಲಿಲ್ಲ. ಅವನು ಸುಳ್ಳು ಹೇಳಲಿಲ್ಲ ನೋಡಿ, ಅವನಿಗೆ ಗೊತ್ತಿದ್ದದ್ದನ್ನೇ ಹೇಳಿದ. ಸುಳ್ಳು ನನ್ನದು. ಅವತ್ತಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಕೇಳಬೇಕಾದದ್ದು ಇಷ್ಟು. ಹೀಗೆ ಬೆರೆಸುವುದರಲ್ಲಿ ಏನೇನು ಅಪಾಯ? ತೂಕ ಇಷ್ಟು ಏರಿದವನಿಗೆ ಯಾವ ಪರೀಕ್ಷೆ ಮಾಡಿಸಬೇಕು, ಅದೂ ಅವನಿಗೆ ಕಾರಣ ಹೇಳದೆ ಹೇಗೆ? ಮಾವ ಒಬ್ಬರು "ಇಷ್ಟು ವರ್ಷ ಆಯಿತಲ್ಲ, ಈಗ ನಿಲ್ಲಿಸಿ ನೋಡಿ" ಅನ್ನುತ್ತಿದ್ದಾರೆ. ನಿಲ್ಲಿಸಬಹುದಾ? ಮತ್ತೆ, ಹೀಗೆ ಬೆರೆಸಿ ಕೊಟ್ಟು ಆಮೇಲೆ ನಿಜ ಹೇಳಿದವರು ಇಲ್ಲಿ ಯಾರಾದರೂ ಇದ್ದೀರಾ? ಹೇಗೆ ಹೇಳಿದಿರಿ?

ಔಷಧಿ ಅಂಗಡಿ, ಹುಬ್ಬಳ್ಳಿ

ಅಕ್ಕಾ, ನಾನು ಫಾರ್ಮಸಿಸ್ಟ್. 22 ವರ್ಷದಿಂದ ಈ ಮಾತ್ರೆಗಳನ್ನು ಎಣಿಸಿ ಕೊಡುತ್ತಿದ್ದೇನೆ. ಮೊದಲು ತುರ್ತಿನ ಮಾತು: ತಪ್ಪಿದ ಡೋಸಿಗೆ ಯಾವತ್ತೂ ಎರಡು ಹಾಕಬೇಡಿ. ಒಲಾಂಜಪಿನ್ ಮೈಯಲ್ಲಿ ಬಹಳ ಹೊತ್ತು ಇರುತ್ತದೆ. ಅದರ ಅರ್ಧ ಇಳಿಯಲು ಸುಮಾರು 30 ಗಂಟೆ ಬೇಕು. ಒಂದು ರಾತ್ರಿ ಅರ್ಧ ಹೋದರೆ ಆಕಾಶ ಕಳಚಿ ಬೀಳುವುದಿಲ್ಲ. ಎರಡು ಹಾಕಿದರೆ ಮಾತ್ರ ತಮ್ಮನಿಗೆ ಆದ ಹಾಗೆ ಆಗಬಹುದು. ಮಲಗಿದವರು ಎದ್ದು ನಿಂತ ತಕ್ಷಣ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಈ ಗುಂಪಿನ ಎಷ್ಟೋ ಮಾತ್ರೆಗಳಿಗೆ ಈ ಗುಣ ಇದೆ. ಗೊತ್ತಿರುವವರು ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಆಮೇಲೆ ಏಳುತ್ತಾರೆ. ತಮ್ಮನಿಗೆ ಅದನ್ನು ಹೇಳುವವರೇ ಇರಲಿಲ್ಲ ಅಲ್ವಾ.

ಪುಡಿ ಮಾಡುವುದರ ಬಗ್ಗೆ. ಸಾದಾ ಒಲಾಂಜಪಿನ್ ಪುಡಿಯಾದರೆ ದೊಡ್ಡ ತೊಂದರೆ ಇಲ್ಲ. ಆದರೆ ನಾಳೆ ಡಾಕ್ಟರು ಮಾತ್ರೆ ಬದಲಿಸಿದರೆ ಅಮ್ಮ ಇದೇ ಅಭ್ಯಾಸದಲ್ಲಿ ಅದನ್ನೂ ಕುಟ್ಟುತ್ತಾರೆ. ಸ್ಟ್ರಿಪ್ ಮೇಲೆ ಎಸ್‌ಆರ್, ಇಆರ್, ಎಕ್ಸ್‌ಆರ್ ಅಂತ ಇದ್ದರೆ ಅದು ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಕುಟ್ಟಿದರೆ ಇಡೀ ದಿನದ್ದು ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಇದೇ ಗುಂಪಿನ ರಿಸ್ಪೆರಿಡೋನ್ ದ್ರವ ರೂಪದಲ್ಲಿ ಸಿಗುತ್ತದೆ. ನೀರು, ಕಾಫಿ, ಕಿತ್ತಳೆ ರಸದಲ್ಲಿ ಸರಿ. ಚಹಾ ಮತ್ತು ಕೋಲಾದಲ್ಲಿ ಬೆರೆಸಬಾರದು, ಕಂಪನಿಯವರೇ ಹಾಗೆ ಬರೆದಿರುತ್ತಾರೆ. ನಮ್ಮ ಕಡೆ ಎಲ್ಲರೂ ಚಹಾಕ್ಕೇ ಹಾಕುತ್ತಾರೆ, ನಾನು ಕೌಂಟರಿನಲ್ಲಿ ನಿಂತು ಬೇಡ ಬೇಡ ಅನ್ನುತ್ತಿರುತ್ತೇನೆ.

ತಮ್ಮ ಬೀಡಿ ಸಿಗರೇಟು ಸೇದುತ್ತಾನಾ? ಸೇದುತ್ತಿದ್ದರೆ ಡಾಕ್ಟರಿಗೆ ಗೊತ್ತಿರಬೇಕು. ತಂಬಾಕಿನ ಹೊಗೆ ಒಲಾಂಜಪಿನ್ ಮತ್ತು ಇದೇ ಗುಂಪಿನ ಕ್ಲೋಜಪಿನ್ ಎರಡನ್ನೂ ಬೇಗ ಬೇಗ ಕರಗಿಸಿಬಿಡುತ್ತದೆ. ಇದು ನಿಕೋಟಿನ್ ಮಾಡುವ ಕೆಲಸ ಅಲ್ಲ, ಹೊಗೆಯದ್ದು. ಅಂಥವನು ಏಕಾಏಕಿ ಸೇದುವುದು ಬಿಟ್ಟರೆ ಅದೇ ಡೋಸು ಕೆಲವೇ ದಿನಗಳಲ್ಲಿ ಜಾಸ್ತಿಯಾಗಿಬಿಡುತ್ತದೆ. ಬಿಡುವುದು ಒಳ್ಳೆಯದೇ, ಬಿಡುವ ಮೊದಲು ಡಾಕ್ಟರಿಗೆ ಹೇಳಿದರೆ ಆಯಿತು. ಬೇರೆ ಮಾತ್ರೆಗಳ ಕಥೆಯೂ ಹೀಗೆಯೇ. ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್ ಎಲ್ಲರ ಮನೆಯಲ್ಲೂ ಸಿಗುವ ಮಾತ್ರೆ, ಅದೂ ಈ ಎರಡರ ಮಟ್ಟವನ್ನು ಏರಿಸುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಜೊತೆ ಸೇರಿದರೆ ಮೈ ಬಿಗಿಯುವುದು, ಕುತ್ತಿಗೆ ತಿರುಚುವುದು ಆಗಬಹುದು. "ಯಾವ ಮಾತ್ರೆಯೂ ಇಲ್ಲ ಸರ್" ಅನ್ನುವ ರೋಗಿಗೆ ಡಾಕ್ಟರು ಇವನ್ನೆಲ್ಲ ಧೈರ್ಯವಾಗಿ ಬರೆದುಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಹೆದರಿಕೆ ಇದರದ್ದೇ ಅಕ್ಕಾ.

ಪರೀಕ್ಷೆಗಳು: ತೂಕ, ಸೊಂಟದ ಅಳತೆ, ಬಿಪಿ, ಖಾಲಿ ಹೊಟ್ಟೆಯ ಶುಗರ್, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕೊಬ್ಬಿನ ಪರೀಕ್ಷೆ. ಮಾತ್ರೆ ಶುರು ಮಾಡುವ ಮೊದಲು ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ. 26 ಕೆಜಿ ಏರಿದವನಿಗೆ ಈ ವಾರವೇ ಮಾಡಿಸಿ. ಬಾಯಾರಿಕೆ ಜಾಸ್ತಿ, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು ಇದ್ದರೆ ವಾರವೂ ಕಾಯಬೇಡಿ.

ಒಂಬತ್ತು ವರ್ಷ

ಅಕ್ಕ, ನಾನು ಮೈಸೂರಿನವನು. ಈ ಮಾತ್ರೆಗಳನ್ನು ನುಂಗುವವನು ನಾನೇ. ನಿಮ್ಮ ಪೋಸ್ಟ್ ಎರಡು ಸಲ ಓದಿ, ಎದ್ದು ಹೋಗಿ, ಮತ್ತೆ ಬಂದು ಬರೆಯುತ್ತಿದ್ದೇನೆ.

ನನಗೂ ಬೆರೆಸಿ ಕೊಟ್ಟಿದ್ದರು. 2013ರಲ್ಲಿ, ರಾಗಿ ಅಂಬಲಿಯಲ್ಲಿ, ಹ್ಯಾಲೊಪೆರಿಡಾಲ್ ಅನ್ನುವ ಹಳೆಯ ಗುಂಪಿನ ಮಾತ್ರೆ. ಆಗ ನನ್ನ ಕಾಯಿಲೆ ಏನು ಹೇಳುತ್ತಿತ್ತು ಗೊತ್ತಾ? ಯಾರೋ ನನ್ನ ಊಟದಲ್ಲಿ ಏನನ್ನೋ ಹಾಕುತ್ತಿದ್ದಾರೆ ಅಂತ. ಮನೆಯವರು ದಿನಾ ಅದನ್ನೇ ಹೇಳುತ್ತಿದ್ದರು: "ಯಾರೂ ಏನೂ ಹಾಕುತ್ತಿಲ್ಲ ಕಣೋ, ಅದು ನಿನ್ನ ಭ್ರಮೆ."

ಒಂದು ಸಂಜೆ ಅಂಬಲಿ ಕುಡಿದು ಮುಗಿಸಿದಾಗ ಲೋಟದ ತಳದಲ್ಲಿ, ಅಂಚಿಗೆ ಅಂಟಿಕೊಂಡು ಒಂದು ಬಿಳಿ ಚೂರು ಇತ್ತು. ಸಾಸಿವೆ ಕಾಳಿನಷ್ಟು. ಬೆರಳಿನಲ್ಲಿ ತೆಗೆದು ಒತ್ತಿ ನೋಡಿದೆ. ರಾಗಿ ಹಾಗೆ ಒಡೆಯುವುದಿಲ್ಲ. ಅದರ ಒಂದು ಬದಿ ನುಣ್ಣಗೆ ಬಾಗಿತ್ತು, ಮಾತ್ರೆಯ ಅಂಚಿನ ಹಾಗೆ.

ಆ ಕ್ಷಣ ನನ್ನ ಕಾಯಿಲೆ ಗೆದ್ದಿತು. ಅಲ್ಲಿಯವರೆಗೆ ನನ್ನೊಳಗೆ ಎಲ್ಲೋ ಒಂದು ಮೂಲೆಯಲ್ಲಿ "ಇದು ನಿಜ ಇರಲಿಕ್ಕಿಲ್ಲ" ಅನ್ನುವ ಅನುಮಾನ ಇತ್ತು. ಅದು ಹೋಯಿತು. ಎರಡು ತಿಂಗಳು ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಸಿಪ್ಪೆ ಇರುವ ಬಾಳೆಹಣ್ಣು, ಸೀಲ್ ಒಡೆಯದ ಬಿಸ್ಕತ್ ಪ್ಯಾಕೆಟ್, ಬೀದಿ ನಲ್ಲಿಯ ನೀರು. ಅಮ್ಮ ಬಾಗಿಲ ಹೊರಗೆ ತಟ್ಟೆ ಇಟ್ಟು ಅಳುತ್ತಿದ್ದಳು. ನಾನು ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಿದ್ದೆ.

ಇನ್ನೊಂದು ಹೇಳಬೇಕು. ಬೆರೆಸಲು ಶುರು ಮಾಡಿದ ಮೂರನೇ ದಿನ ನನ್ನ ಕುತ್ತಿಗೆ ಎಡಕ್ಕೆ ತಿರುಚಿಕೊಂಡಿತು. ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು, ಇಳಿಸಲು ಆಗುತ್ತಿಲ್ಲ. ನಾಲಿಗೆ ದಪ್ಪವಾಗಿ ಮಾತು ಹೊರಡುತ್ತಿಲ್ಲ. ಮೇಲೆ ಛಾವಣಿಯ ತೊಲೆ ಮಾತ್ರ ಕಾಣುತ್ತಿತ್ತು. ಪಕ್ಕದ ಮನೆಯವರು ಗಾಳಿ ಸೋಕಿದೆ ಅಂದರು, ನಿಂಬೆಹಣ್ಣು ತಂದರು. ಆಸ್ಪತ್ರೆಗೆ ಒಯ್ದಾಗ ಅಪ್ಪ ಡಾಕ್ಟರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಪ್ರೊಮೆಥಜೀನ್ ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆಯಲ್ಲಿ ಕುತ್ತಿಗೆ ಸಡಿಲವಾಯಿತು. ಹಳೆಯ ಗುಂಪಿನ ಮಾತ್ರೆ ಶುರು ಮಾಡಿದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನ ಹುಡುಗರಿಗೆ, ಹೀಗಾಗುವುದು ಗೊತ್ತಿರುವ ವಿಷಯವೇ. ಸುಲಭವಾಗಿ ವಾಸಿಯಾಗುತ್ತದೆ. ನನಗೆ ಮೊದಲೇ ಹೇಳಿದ್ದರೆ ನಾನೇ ಬಾಯಿಬಿಟ್ಟು "ಮಾತ್ರೆ ಹಿಡಿದುಕೊಂಡಿದೆ, ಕರೆದುಕೊಂಡು ಹೋಗಿ" ಅನ್ನುತ್ತಿದ್ದೆ. ಗೊತ್ತಿಲ್ಲದ್ದರಿಂದ, ಸಾಯುತ್ತಿದ್ದೇನೆ ಅಂದುಕೊಂಡು ಮೂರು ಗಂಟೆ ಕಳೆದೆ.

ಮೈಯೊಳಗೆ ಆಗುವುದನ್ನು ಮೊದಲು ಕಾಣುವವನು ಮೈ ಇರುವವನೇ ಅಕ್ಕ. ನೀವು ಎಷ್ಟೇ ಪ್ರೀತಿಯಿಂದ ನೋಡಿದರೂ ಅವನ ಬಾಯಿ ಒಣಗಿದ್ದು, ಕಾಲು ಚಡಪಡಿಸಿದ್ದು, ಎದೆ ಡವಗುಟ್ಟಿದ್ದು ನಿಮಗೆ ಕಾಣುವುದಿಲ್ಲ. ಅವನಿಗೆ ಮಾತ್ರೆಯ ವಿಷಯ ಗೊತ್ತಿಲ್ಲದಿದ್ದರೆ ಹೇಳುವುದೂ ಇಲ್ಲ.

ನನಗೆ ಹೇಳಿದ್ದು ನಮ್ಮ ಭಾವ. ಒಂದು ಭಾನುವಾರ ಬಂದು ನೆಲದ ಮೇಲೆ ಕೂತರು. ಸ್ಟ್ರಿಪ್ ತೆಗೆದು ನನ್ನ ಮುಂದೆ ಇಟ್ಟರು. "ನಿನ್ನ ಅಂಬಲಿಯಲ್ಲಿ ಹಾಕುತ್ತಿದ್ದದ್ದು ಇದು. ವಿಷ ಅಲ್ಲ, ಆದರೂ ಕೇಳದೆ ಹಾಕಿದ್ದು ತಪ್ಪು. ಇನ್ನು ಹಾಕುವುದಿಲ್ಲ." ಅಷ್ಟೇ. ನಿನಗೆ ಕಾಯಿಲೆ ಇದೆ, ಒಪ್ಪಿಕೋ ಅಂತ ಹೇಳಲಿಲ್ಲ. ನನಗೆ ನಿದ್ದೆ ಇಲ್ಲ ಅಂತ ಗೊತ್ತಿತ್ತು ಅವರಿಗೆ. "ನಿದ್ದೆಗಾದರೂ ಒಬ್ಬ ಡಾಕ್ಟರನ್ನು ನೋಡೋಣವಾ, ನಾನು ಹೊರಗೆ ಕೂತಿರುತ್ತೇನೆ, ನೀನೇ ಒಳಗೆ ಹೋಗು" ಅಂದರು. ಹದಿನೈದು ದಿನ ಬಿಟ್ಟು ಹೋದೆ.

ಈಗ ಕ್ಲೋಜಪಿನ್ ತಗೊಳ್ಳುತ್ತಿದ್ದೇನೆ, ಒಂಬತ್ತು ವರ್ಷವಾಯಿತು. ಇದು ಎರಡು ಬೇರೆ ಮಾತ್ರೆ ಸೋತ ಮೇಲೆ ಕೊಡುವಂಥದ್ದು. ಫಿನ್ಲೆಂಡಿನಲ್ಲಿ 1975ರಲ್ಲಿ ಇದರಿಂದ ಬಿಳಿ ರಕ್ತಕಣ ಕುಸಿದು ಜನ ಸತ್ತರು, ಹಲವು ದೇಶಗಳಲ್ಲಿ ಇದನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಆಮೇಲೆ 1989ರಲ್ಲಿ ಅಮೆರಿಕದಲ್ಲಿ ರಕ್ತ ಪರೀಕ್ಷೆಯ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ನನಗೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ತೆಗೆದರು, ಆಮೇಲೆ ವರ್ಷ ತುಂಬುವವರೆಗೆ ಎರಡು ವಾರಕ್ಕೊಮ್ಮೆ, ಈಗ ತಿಂಗಳಿಗೊಮ್ಮೆ. ಜ್ವರ, ಗಂಟಲು ನೋವು ಬಂದರೆ ಡೋಲೊ ನುಂಗಿ ಮಲಗುವ ಹಾಗಿಲ್ಲ, ಅವತ್ತೇ ರಕ್ತ ಪರೀಕ್ಷೆ. ಶುರುವಿನ ವಾರಗಳಲ್ಲಿ ಎದೆನೋವು, ಉಸಿರು ಕಟ್ಟುವುದು, ಕಾರಣವಿಲ್ಲದೆ ಎದೆ ಜೋರಾಗಿ ಹೊಡೆದುಕೊಳ್ಳುವುದು ಇದ್ದರೆ ಹೃದಯ ನೋಡಿಸಬೇಕು. ಮಲಬದ್ಧತೆಯನ್ನು ಸುಮ್ನೆ ಬಿಡಬಾರದು, ಇದರಲ್ಲಿ ಕರುಳೇ ನಿಂತುಹೋಗಿ ಪ್ರಾಣಕ್ಕೆ ಬರಬಹುದು. ನಾನು ಎರಡು ದಿನ ಹೋಗಲಿಲ್ಲ ಅಂದರೆ ಫೋನ್ ಮಾಡುತ್ತೇನೆ. ಎರಡು ದಿನ ಮಾತ್ರೆ ತಪ್ಪಿದರೆ ಹಳೇ ಡೋಸಿಗೆ ನೇರ ಹೋಗುವಂತಿಲ್ಲ, ಮತ್ತೆ 12.5 ಮಿಲಿಗ್ರಾಂನಿಂದ ಮೇಲೇರಬೇಕು. ರಾತ್ರಿ ಜೊಲ್ಲು ಸುರಿಯುತ್ತದೆ, ದಿಂಬಿನ ಮೇಲೆ ಟವೆಲ್ ಹಾಸಿಕೊಳ್ಳುತ್ತೇನೆ. ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಸಂಬಳ ಬರುತ್ತದೆ. ಅಮ್ಮ ಮಾಡಿದ ಅಂಬಲಿ ಕುಡಿಯುತ್ತೇನೆ.

ನೀವು ಹೇಳುವುದಕ್ಕಿಂತ ಮೊದಲು ಅವನೇ ಕಂಡುಹಿಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಇಷ್ಟು ಬರೆದೆ.

ಬಳ್ಳಾರಿ ಅಪ್ಪ

ತಂಗಿ, ಮೇಲಿನ ಹುಡುಗ ಬರೆದದ್ದು ಓದಿ ಕಣ್ಣು ತುಂಬಿತು. ಆದರೂ ಒಂದು ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತಾಯಿಯನ್ನು ತಪ್ಪಿತಸ್ಥರನ್ನಾಗಿ ಮಾಡಬೇಡಿ. ನಾನೂ ಮಗನಿಗೆ 14 ತಿಂಗಳು ಮಜ್ಜಿಗೆಯಲ್ಲಿ ಹಾಕಿದ್ದೇನೆ. ಹಾಕದಿದ್ದರೆ ಅವನು ರೈಲು ಹಳಿಯ ಮೇಲೆ ಇರುತ್ತಿದ್ದ. ಒಂದು ಸಲ ಅಲ್ಲಿಂದಲೇ ಎತ್ತಿಕೊಂಡು ಬಂದವನು ನಾನು. ಬೆರೆಸುವುದು ಮೋಸ ಅಂತ ನನಗೂ ಗೊತ್ತಿತ್ತು. ಆ ಹೊತ್ತಿಗೆ ನನ್ನ ಕೈಯಲ್ಲಿ ಇದ್ದದ್ದು ಅದೊಂದೇ.

ಆದರೆ ಮೂರು ವರ್ಷ ಎಳೆಯಬಾರದು, ಅದು ಹೌದು. ಅವನು ಸ್ವಲ್ಪ ತಿಳಿಯಾದ ಕೂಡಲೇ ಹೇಳಬೇಕಿತ್ತು. ನಾನು ಹೇಳಿದಾಗ ಮಗ ಕೆನ್ನೆಗೆ ಹೊಡೆದ. ಹೊಡೆಸಿಕೊಂಡೆ. ಆಮೇಲೆ ದಿನಾ ಮಾತ್ರೆಯ ಜಗಳವೇ ಬೇಡ ಅಂತ ಅವನೇ ಇಂಜೆಕ್ಷನ್ ಆರಿಸಿಕೊಂಡ. ನಾಲ್ಕು ವಾರಕ್ಕೊಮ್ಮೆ. ಮೊದಲು ಅದೇ ಔಷಧಿಯನ್ನು ಮಾತ್ರೆಯಾಗಿ ಕೊಟ್ಟು ಒಗ್ಗುತ್ತದೋ ಇಲ್ಲವೋ ನೋಡಿದರು. ಯಾಕೆಂದರೆ ಇಂಜೆಕ್ಷನ್ ಒಳಗೆ ಹೋದ ಮೇಲೆ ವಾಪಸ್ ತೆಗೆಯಲಿಕ್ಕೆ ಬರುವುದಿಲ್ಲ, ತಿಂಗಳಿಡೀ ಮೈಯಲ್ಲೇ ಇರುತ್ತದೆ.

ಎರಡನೇ ವರ್ಷ ಒಂದು ಗಮನಿಸಿದೆ. ಸುಮ್ಮನೆ ಕೂತಾಗ ಅವನ ತುಟಿ ಏನೋ ಜಗಿಯುವ ಹಾಗೆ ಆಡುತ್ತಿತ್ತು. ಎಲೆ ಅಡಿಕೆ ಇಲ್ಲ, ಏನಿಲ್ಲ. ನಿದ್ದೆಯಲ್ಲಿ ನಿಂತಿರುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿದೆ. ಟಾರ್ಡೈವ್ ಡಿಸ್ಕೈನೇಸಿಯಾ ಅಂದರು. ವರ್ಷಗಟ್ಟಲೆ ತಗೊಂಡವರಿಗೆ ಬರುತ್ತದೆ, ಕೆಲವರಿಗೆ ಔಷಧಿ ಬಿಟ್ಟರೂ ಹೋಗುವುದಿಲ್ಲ. ಬೇಗ ಗೊತ್ತಾದ್ದರಿಂದ ಔಷಧಿ ಬದಲಿಸಿದರು, ಈಗ ಬಹಳ ಕಡಿಮೆ ಆಗಿದೆ. ನಿಮ್ಮ ತಮ್ಮನ ನಾಲಿಗೆ, ತುಟಿ, ಬೆರಳು ನೋಡುತ್ತಿರಿ.

ಖರ್ಚಿನ ಚಿಂತೆ ಇದ್ದರೆ ತಾಲೂಕು ಆಸ್ಪತ್ರೆಯಲ್ಲಿ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಶುರುವಾದದ್ದೇ ನಮ್ಮ ಬಳ್ಳಾರಿಯಲ್ಲಿ, 1985ರಲ್ಲಿ, ನಿಮ್ಹಾನ್ಸ್‌ನವರಿಂದ. ನಮ್ಮ ಮಗನ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ.

ಶೈಲಾ_ತುಮಕೂರು

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಅಜ್ಜಿಗೆ 81, ಮರೆವಿನ ಕಾಯಿಲೆ. ರಾತ್ರಿ ಕೂಗಾಡುತ್ತಾರೆ ಅಂತ ರಿಸ್ಪೆರಿಡೋನ್ ಕೊಟ್ಟಿದ್ದಾರೆ. ನಾವು ಆರು ತಿಂಗಳಿಂದ ಅದೇ ಚೀಟಿಯಲ್ಲಿ ತರುತ್ತಿದ್ದೇವೆ. ಇದೂ ಅದೇ ಗುಂಪಿನ ಮಾತ್ರೆಯಾ?

ಸರ್ಕಾರಿ ಮನೋವೈದ್ಯೆ

ಶೈಲಾ ಅವರೇ, ಹೌದು, ಅದೇ ಗುಂಪು. ಮರೆವಿನ ಕಾಯಿಲೆಯ ಹಿರಿಯರಲ್ಲಿ ಇವುಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಸುಮಾರು 10 ವಾರಗಳ ಪ್ರಯೋಗಗಳಲ್ಲಿ ಔಷಧಿ ತಗೊಂಡವರಲ್ಲಿ ನೂರಕ್ಕೆ 4.5, ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲಿ 2.6 ಜನ ತೀರಿಕೊಂಡಿದ್ದರು. ಲಕ್ವದ ಅಪಾಯವೂ ಇದೆ. ಕೊಡಲೇಬಾರದು ಅಂತಲ್ಲ, ಬೇರೆ ದಾರಿ ಇಲ್ಲದಾಗ ಸಣ್ಣ ಡೋಸು, ಸ್ವಲ್ಪ ಕಾಲ ಕೊಡುತ್ತೇವೆ. ಆರು ತಿಂಗಳು ಹಳೇ ಚೀಟಿಯಲ್ಲಿ ನಡೆಯುವುದು ಸರಿಯಲ್ಲ. ಅಜ್ಜಿ ಕೂಗುವುದಕ್ಕೆ ಮೂತ್ರದ ಸೋಂಕು, ಮಲಬದ್ಧತೆ, ನೋವು ಕಾರಣವಿರಬಹುದು, ಅದನ್ನು ಮೊದಲು ನೋಡಿಸಿ. ನೀವಾಗಿ ನಿಲ್ಲಿಸಬೇಡಿ, ಈ ವಾರ ಹೋಗಿ ಕೇಳಿ.

ಸಾಗರದ ಅಕ್ಕ, ನಿಮ್ಮ ಮಾವನ ಮಾತಿಗೆ ಬರುತ್ತೇನೆ. ಏಕಾಏಕಿ ನಿಲ್ಲಿಸುವುದು ಬೇಡ. ನಿಲ್ಲಿಸಿದ ಮೊದಲ ವಾರಗಳಲ್ಲಿ ಚೆನ್ನಾಗಿಯೇ ಕಾಣುತ್ತಾರೆ. ನಿದ್ದೆಯ ಮಂಪರು ಹೋಗುತ್ತದೆ, ಚುರುಕಾಗುತ್ತಾರೆ, ಮನೆಯವರು "ನೋಡಿ, ಮಾತ್ರೆಯೇ ತೊಂದರೆ ಕೊಡುತ್ತಿತ್ತು" ಅನ್ನುತ್ತಾರೆ. ಕಾಯಿಲೆ ಮರಳುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಆಗ ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಕಡಿಮೆ ಮಾಡುವುದಾದರೆ ನಿಧಾನವಾಗಿ, ಡಾಕ್ಟರ ಕಣ್ಣಳತೆಯಲ್ಲಿ.

ನಾಲ್ಕು ಲಕ್ಷಣ ಮಾತ್ರ ಇಲ್ಲಿ ಓದುವ ಎಲ್ಲರೂ ನೆನಪಿಡಿ. ಜೋರು ಜ್ವರ, ಮರದ ಹಾಗೆ ಬಿಗಿದ ಮೈ, ಬೆವರು, ಮಾತು ಮನಸ್ಸು ಗೊಂದಲ. ಇದು ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಮುಂದಿನ ಡೋಸು ಕೊಡದೆ ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಯಾವ ಮಾತ್ರೆ ಅಂತ ಸ್ಟ್ರಿಪ್ ಸಮೇತ ತೋರಿಸಿ. ನಾಲ್ಕೂ ಒಟ್ಟಿಗೆ ಬರಲಿ ಅಂತ ಕಾಯಬೇಡಿ. ಮಾತ್ರೆಯ ವಿಷಯ ಮುಚ್ಚಿಟ್ಟ ಮನೆಗಳಲ್ಲಿ ಇದನ್ನು ಮಿದುಳು ಜ್ವರ ಅಂದುಕೊಂಡು ಹೊತ್ತು ಕಳೆಯುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಯಸ್ಕರಿಗೆ ಚಿಕಿತ್ಸೆ ಅಂದರೆ ತಿಳಿಸಿ, ಒಪ್ಪಿಗೆ ಪಡೆದು ಕೊಡಬೇಕು. ತೀರ ಅಪಾಯದಲ್ಲಿದ್ದು ಒಪ್ಪದವರಿಗೆ ಬೇರೆ ದಾರಿ ಇದೆ: ಇಬ್ಬರು ಪರಿಣತರು ಬೇರೆಬೇರೆಯಾಗಿ ನೋಡಿ 30 ದಿನದವರೆಗೆ ದಾಖಲು ಮಾಡಿಕೊಳ್ಳಬಹುದು. ಬಳ್ಳಾರಿಯ ಹಿರಿಯರು ಹೇಳಿದ ಅಸಹಾಯಕತೆ ನಾನು ದಿನಾ ನೋಡುತ್ತೇನೆ, ಅವರನ್ನು ದೂರುವುದಿಲ್ಲ. ಆದರೆ ನಿಮ್ಮ ತಮ್ಮ ಈಗ ಆ ಸ್ಥಿತಿಯಲ್ಲಿಲ್ಲ. ಲೆಕ್ಕಪತ್ರ ಬರೆಯುತ್ತಿದ್ದಾನೆ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಹೇಳಿದ ಮೇಲೆ ಮನೆಯಲ್ಲಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ.

ಸಾಗರದ ಅಕ್ಕ

ಏಳು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಒಂದೊಂದಾಗಿ ಉತ್ತರಿಸಲು ಆಗಿಲ್ಲ, ಕ್ಷಮಿಸಿ.

ಹೇಳಿದೆ. ಮೈಸೂರಿನ ಅಣ್ಣ ಬರೆದ ಹಾಗೆಯೇ ನೆಲದ ಮೇಲೆ ಕೂತೆ, ನಮ್ಮ ಜಗಲಿಯಲ್ಲಿ. ಸ್ಟ್ರಿಪ್ ಇಟ್ಟೆ, ಕುಟ್ಟಾಣಿಯನ್ನೂ ಇಟ್ಟೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಈಚೆ ಬರಲಿಲ್ಲ. ಅವನು ಕುಟ್ಟಾಣಿ ಎತ್ತಿ ಮೂಸಿ ನೋಡಿದ. ಏನೂ ಹೇಳದೆ ತೋಟಕ್ಕೆ ಹೋದ. ಆ ರಾತ್ರಿ ಮತ್ತು ಮರುದಿನ ನಮ್ಮ ಅಡುಗೆ ಮುಟ್ಟಲಿಲ್ಲ. ತಾನೇ ಅನ್ನ ಮಾಡಿಕೊಂಡು ಉಪ್ಪಿನಕಾಯಿ ಹಾಕಿಕೊಂಡು ತಿಂದ. ಉಪ್ಪಿನಕಾಯಿಯೂ ಹೊಸ ಬಾಟಲಿ, ಅಂಗಡಿಯದ್ದು. ಅಮ್ಮ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ಮೂರನೇ ದಿನ ಕೇಳಿದ. "ದಪ್ಪ ಆಗಿದ್ದು ಇದರಿಂದನಾ?"

ಹೌದು ಅಂದೆ.

ಆಗ ಗೊತ್ತಾಯಿತು. ಒಂದು ವರ್ಷದಿಂದ ಅವನು ಮಧ್ಯಾಹ್ನದ ಊಟ ಬಿಡುತ್ತಿದ್ದನಂತೆ. ನಮಗೆ ಹಸಿವಿಲ್ಲ ಅನ್ನುತ್ತಿದ್ದ. ಸಂಜೆ ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಿದ್ದದ್ದು ಪೇಪರ್ ತರಲಿಕ್ಕಲ್ಲ, ತೂಕ ಇಳಿಸಲಿಕ್ಕೆ. ಮೊಬೈಲಿನಲ್ಲಿ ಬರೆದಿಟ್ಟಿದ್ದ, ದಿನಾಂಕ ಹಾಕಿ, ಎಷ್ಟು ಹೆಜ್ಜೆ ಅಂತ. ಬೆಳಿಗ್ಗೆ ಏಳಲಾಗದ್ದಕ್ಕೆ ತಾನು ಸೋಮಾರಿ ಅಂದುಕೊಂಡಿದ್ದ. ಅಲಾರಂ ಮೂರು ಇಡುತ್ತಿದ್ದ. "ನನ್ನ ಮೈಯೇ ನನ್ನ ಮಾತು ಕೇಳ್ತಿಲ್ಲ ಅಂತ ಎಷ್ಟು ಬೈಕೊಂಡಿದ್ದೆ ಅಕ್ಕಾ" ಅಂದ. ಅವನು ಅಮ್ಮನಿಗಿಂತ ನನ್ನ ಮೇಲೆ ಜಾಸ್ತಿ ಸಿಟ್ಟಾಗಿದ್ದಾನೆ. ಆಸ್ಪತ್ರೆಯಲ್ಲಿ ನಾನು ಸುಮ್ಮನಿದ್ದದ್ದು ಅವನಿಗೆ ನೆನಪಿದೆ.

ನಡುವೆ ಐದು ದಿನ ಯಾವ ಮಾತ್ರೆಯೂ ಇರಲಿಲ್ಲ. ನಾನೂ ಅಮ್ಮನೂ ಪಾಳಿಯ ಮೇಲೆ ಎಚ್ಚರ ಇದ್ದೆವು. 14416ಕ್ಕೆ ಒಮ್ಮೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ದೆ. ಆರನೇ ದಿನ ಅವನಾಗಿಯೇ "ನಿದ್ದೆ ಬರ್ತಿಲ್ಲ, ಡಾಕ್ಟರ ಹತ್ತಿರ ಹೋಗೋಣ, ಆದರೆ ಮಾತಾಡೋದು ನಾನು" ಅಂದ. ಹೋದೆವು. ರಕ್ತ ಕೊಟ್ಟ. ಎಚ್‌ಬಿಎ1ಸಿ 6.1 ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿದೆ ಅಂದರು ಡಾಕ್ಟರು. ಮೆಟ್ಫಾರ್ಮಿನ್ ಸೇರಿಸಿದರು. ಒಲಾಂಜಪಿನ್ ನಿಧಾನಕ್ಕೆ ಇಳಿಸಿ ತೂಕ ಅಷ್ಟಾಗಿ ಏರಿಸದ ಅರಿಪಿಪ್ರಜೋಲ್‌ಗೆ ಬದಲಿಸೋಣ ಅಂದರು. ಅದರಲ್ಲಿ ಚಡಪಡಿಕೆ ಬರಬಹುದು, ಬಂದರೆ ಹೇಳಬೇಕು ಅಂತ ಅವನ ಮುಖ ನೋಡಿಯೇ ಹೇಳಿದರು. ಅವನು ಚೀಟಿಯ ಹಿಂದೆ ಬರೆದುಕೊಂಡ.

ಮಾತ್ರೆ ಡಬ್ಬಿ ಈಗ ಅವನ ಕೋಣೆಯಲ್ಲಿದೆ. ಕಷಾಯ ಅವನೇ ಕುದಿಸಿಕೊಳ್ಳುತ್ತಾನೆ. ಅಮ್ಮನಿಗೆ ಅದು ಇನ್ನೂ ಅಭ್ಯಾಸವಾಗಿಲ್ಲ, ಒಂಬತ್ತು ಗಂಟೆಗೆ ಅಡುಗೆಮನೆಗೆ ಹೋಗಿ ಸುಮ್ನೆ ನಿಂತು ಬರುತ್ತಾಳೆ.

ಹೊಸ ಮಾತ್ರೆಯ ನಾಲ್ಕನೇ ದಿನ ರಾತ್ರಿ ನನ್ನ ಬಾಗಿಲು ಬಡಿದ. "ಅಕ್ಕಾ, ಕಾಲು ಒಂದು ಕಡೆ ನಿಲ್ತಿಲ್ಲ. ಕೂತರೆ ಏಳಬೇಕು ಅನ್ಸುತ್ತೆ, ಎದ್ದರೆ ನಡೀಬೇಕು ಅನ್ಸುತ್ತೆ. ಅವರು ಹೇಳಿದ್ದು ಇದೇ ಇರಬೇಕು." ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದ. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು "ಹೇಗಿದ್ದಾನೆ, ಏನಾಗುತ್ತಿದೆ ಹೇಳಿ" ಅಂದರು. ನಾನು ಫೋನನ್ನು ಅವನ ಕೈಗೆ ಕೊಟ್ಟೆ.